ಕವಲು ಬಾವಿಯನ್ನು ಕಂಪ್ಯೂಟರಿನಲ್ಲಿ ಕೊರೆಯುವ ಕ್ರಮ

ನಮ್ಮ ಮಾಣಿಯಲ್ಲಿ ಎಣ್ಣೆಬಾವಿ ಇಲ್ಲವೆಂದು ಪ್ರಾಜೆಕ್ಟ್ ಕೈಬಿಡಬೇಡಿ. ಕವಲು ಬಾವಿ ಎಂದರೆ ಹೊರಗೆ ಒಂದೇ ಬಾಯಿ, ಒಳಗೆ ಹಲವು ಕೈ. ವಿಟ್ಲದ ಆಚೆ ಕೇಪು, ಮಾಣಿಲದ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದ ಸುರಂಗಗಳಿವೆ. ನೀರು ಸಾಲದಾದಲ್ಲಿ ಹಿಂದಿನವರು ಪಕ್ಕಕ್ಕೆ ಇನ್ನೊಂದು ಕವಲು ತೆಗೆದದ್ದೂ ಉಂಟು. ಪುಸ್ತಕದಲ್ಲಿ ಎಣ್ಣೆ ಎಂದಿರುವಲ್ಲೆಲ್ಲ ನೀರು ಎಂದು ಬರೆದುಕೊಳ್ಳಿ. ಅರ್ಧ ರಿಪೋರ್ಟ್ ಮುಗಿಯಿತು.

ಪೀಠಿಕೆಗೆ ದೂರದ ಊರು ಹಿಡಿಯಿರಿ. 1953ರಲ್ಲಿ ಸೋವಿಯತ್ ಒಕ್ಕೂಟದ ಬಷ್ಕೀರಿಯಾದಲ್ಲಿ ಅಲೆಕ್ಸಾಂಡರ್ ಗ್ರಿಗೋರ್ಯಾನ್ ಒಂದೇ ಬಾವಿಗೆ 9 ಕವಲು ಕೊರೆಸಿದರು. ಪಕ್ಕದ ಬಾವಿಗಳಿಗಿಂತ ಖರ್ಚು ಒಂದೂವರೆ ಪಟ್ಟು, ಎಣ್ಣೆ 17 ಪಟ್ಟು. ಇದನ್ನು ದಪ್ಪಕ್ಷರದಲ್ಲಿ ಹಾಕಿ. ನಮ್ಮ ಕಡೆ ಸುರಂಗ ಕೊರೆದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದನ್ನೂ ಬರೆಯಿರಿ. ಅವರು ಒಬ್ಬರೇ ಕೊರೆದ ಸುರಂಗಗಳು ಒಂದರ ಹಿಂದೊಂದು ಕೈಕೊಟ್ಟ ಮೇಲೆ ನೀರು ಸಿಕ್ಕಿದ್ದನ್ನು ಬಿಡಿ. ಒಣ ಸುರಂಗಕ್ಕೆ ಗ್ರಾಫ್ ಬರುವುದಿಲ್ಲ.

ಇನ್ನು ಲೆಕ್ಕ. ಗುಡ್ಡ ಪೂರ್ತಿ ಒಂದೇ ಬಗೆಯ ಕಲ್ಲು ಎಂದು ಟೈಪ್ ಮಾಡಿ. ಮೇಲೆ ತೂತುತೂತು ಮುರಕಲ್ಲು, ಕೆಳಗೆ ಶೇಡಿಮಣ್ಣು, ಅದರಡಿ ಬಂಡೆ ಎಂದು ಯಾರಾದರೂ ತಕರಾರು ತೆಗೆದರೆ 'ಸರಾಸರಿ' ಎನ್ನಿ. ಫ್ರಾನ್ಸಿನ ಡಾರ್ಸಿ ಮರಳಿನಲ್ಲಿ ನೀರಿಳಿಸಿ ನೋಡಿ 1856ರಲ್ಲಿ ಕೊಟ್ಟ ಸೂತ್ರವಿದೆ. ಅದನ್ನು ಕಲ್ಲಿಗೂ ಹಚ್ಚಿ, ಖಾಲಿ ಸುರಂಗಕ್ಕೂ ಹಚ್ಚಿ.

ಕವಲು ಕೂಡುವಲ್ಲಿ ಸ್ವಲ್ಪ ಕಿರಿಕಿರಿ. ಅಲ್ಲಿ ಎಲ್ಲ ಕವಲಿಗೂ ಒತ್ತಡ ಒಂದೇ ಆಗಬೇಕು. ಗಟ್ಟಿ ಕವಲಿನ ಎಣ್ಣೆ ಮೇಲೆ ಬರುವ ಬದಲು ಬಡಕಲು ಕವಲಿನೊಳಗೆ ನುಗ್ಗುವುದುಂಟು. ಪರದೆಯ ಮೇಲೆ ಬಾಣಗಳು ಹಿಮ್ಮುಖವಾಗುತ್ತವೆ. ಗಾಬರಿಯಾಗಬೇಡಿ, ಬಡಕಲು ಕವಲನ್ನು ಅಳಿಸಿ. ಆಮೇಲೂ ಉತ್ತರ ಒಗ್ಗದಿದ್ದರೆ ಲೆಕ್ಕಕ್ಕೆ ಗುಡ್ಡವನ್ನು ಹೋಳು ಮಾಡಿದ ಜಾಲರಿಯ ಚೌಕಗಳನ್ನು ಹಿಗ್ಗಿಸಿ, ಕುಗ್ಗಿಸಿ. ಪ್ರತಿ ಸಲ ಬೇರೆ ಉತ್ತರ ಬರುತ್ತದೆ. ಬೇಕಾದ್ದು ಬಂದ ಕೂಡಲೇ ನಿಲ್ಲಿಸಿ. ಚಿತ್ರದ ಬಣ್ಣ ಮಾತ್ರ ಕೆಂಪಿನಿಂದ ನೀಲಿಯವರೆಗೆ ಭರ್ತಿ ಇರಲಿ. ವೈವಾದಲ್ಲಿ ಅಂಕ ಬೀಳುವುದು ಅದಕ್ಕೆ; ನನಗೂ ಹಾಗೆಯೇ ಬಿದ್ದದ್ದು.

ಸುರಂಗದ ಬಳಿ ಮಾತ್ರ ಸುಳಿಯಬೇಡಿ. ನೀರು ತಾನಾಗಿ ಹೊರಬರಲೆಂದು ಅದರ ನೆಲವನ್ನು ಒಳಹೋದಂತೆ ತುಸು ಏರಿಸಿರುತ್ತಾರೆ. ಪಂಪಿಲ್ಲ, ಕರೆಂಟಿಲ್ಲ, ನಿಮಗೆ ಕೆಲಸವೂ ಇಲ್ಲ. ತಪ್ಪಿ ಹೋದಿರೋ, ಆ ಮನೆಯ ಅಜ್ಜಿ, "ಮಗಾ, ಅಷ್ಟೆಲ್ಲ ಯಾಕೆ? ನೀರು ಬೀಳುವ ದಂಬೆಯ ಅಡಿಗೆ ಈ ಕೊಡಪಾನ ಇಟ್ಟು ಗಡಿಯಾರ ನೋಡು, ಎಷ್ಟು ನೀರು ಬರ್ತದೆ ಅಂತ ಗೊತ್ತಾಗ್ತದೆ" ಎಂದಾರು. ಬೆಲ್ಲ ಕೊಟ್ಟರೆ ತಿನ್ನಿ, ಚಾ ಕೊಟ್ಟರೆ ಕುಡಿಯಿರಿ. ಕೊಡಪಾನ ಮುಟ್ಟಬೇಡಿ, ರಿಪೋರ್ಟ್ ಬೈಂಡಿಂಗಿಗೆ ಹೋಗಿಯಾಗಿದೆ.