ಗಾಲಿ ಪಂಡಿತ

ಗಾಲಿ ಪಂಡಿತ ಪಂಕ್ಚರ್ ಅಂಗಡಿಯ ಮಾಲೀಕನಲ್ಲ, ಫಿಟ್ಟರನಲ್ಲ, ಡ್ರೈವರನೂ ಅಲ್ಲ. ಅಂಗಡಿಯ ಮುಂದೆ ಮಲಗಿಸಿದ ಹಳೇ ಲಾರಿ ಟೈರಿನ ಮೇಲೆ ಕೂತು, ಬಂದ ಗಾಡಿಗಳ ರೋಗವನ್ನು ಪುಕ್ಕಟೆ ಹೇಳುವವನು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಹಳಷ್ಟು ಊರುಗಳಲ್ಲಿ ಇಂಥವನೊಬ್ಬ ಸಿಗುತ್ತಾನೆ. ಕೌಜಲಗಿಯಲ್ಲಿರುವವನನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಅವನ ಹೆಸರಿನಲ್ಲಿ ಒಂದು ಸೈಕಲ್ಲೂ ಇಲ್ಲ.

ಇವನ ಮೊದಲ ಲಕ್ಷಣ ಕಿವಿ. ಗಾಡಿ ಇನ್ನೂ ಅಗಸಿಯ ಹತ್ತಿರ ಇರುವಾಗಲೇ "ಎಡಗಡೆ ಮುಂದಿಂದು" ಎಂದು ತೀರ್ಪು ಬಂದಿರುತ್ತದೆ. ಶ್ರೀಕೃಷ್ಣ ಪಾರಿಜಾತ ಆಟದ ಕಲಾವಿದೆ ಕೌಜಲಗಿ ನಿಂಗಮ್ಮನ ಊರಲ್ಲವೇ, ತಾಳ ತಪ್ಪಿದ್ದು ಇಲ್ಲಿಯವರಿಗೆ ತಿಳಿಯದೆ ಇರುವುದಿಲ್ಲ ಎಂಬುದು ಅವನ ವಾದ. ಎರಡನೆಯ ಲಕ್ಷಣ ಎಲೆಯಡಿಕೆ. ಮೂರನೆಯದು, ಚಹಾ ಬರುವವರೆಗೆ ಔಷಧ ಹೇಳುವುದಿಲ್ಲ.

ಟೈರಿನ ಸವೆತವನ್ನು ಓದುವುದರಲ್ಲಿ ಪಂಡಿತನ ವಿದ್ಯೆ ಖರೇ ವಿದ್ಯೆ. ನಡು ಸವೆದಿದ್ದರೆ ಹವಾ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ, ಇಲ್ಲವೇ 1.7 ಟನ್ ಹೊರುವ ಗಾಡಿಯ ಮೇಲೆ ಮೂರು ಟನ್ ಕಬ್ಬು ಬಿದ್ದಿದೆ. ಒಂದೇ ಅಂಚು ಸವೆದಿದ್ದರೆ ಗಾಲಿ ವಾಲಿ ನಿಂತಿದೆ. ಅಲ್ಲೊಂದು ಇಲ್ಲೊಂದು ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಪಂಡಿತ ಮುಂದೆ ಹೋಗಿ ಕಣ್ಣು ಮುಚ್ಚಿ ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಆಡಿಸುತ್ತಾನೆ. ಹೊರಗಿನಿಂದ ಒಳಗೆ ಎಳೆದಾಗ ನುಣುಪು, ಒಳಗಿನಿಂದ ಹೊರಗೆ ಎಳೆದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ, ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ನೇರವಾಗಿಲ್ಲ, ಟೈರು ಉರುಳುವುದರ ಜೊತೆಗೆ ತುಸು ಅಡ್ಡಕ್ಕೂ ತಿಕ್ಕಿಕೊಂಡು ಹೋಗುತ್ತಿದೆ ಎಂದರ್ಥ. ಹಸ್ತರೇಖೆ ನೋಡುವವನು ಕೈ ಹಿಡಿದ ಹಾಗಿರುತ್ತದೆ ಆ ದೃಶ್ಯ. ವ್ಯತ್ಯಾಸವೆಂದರೆ ಇವನು ಹೇಳಿದ್ದು ನಿಜವಿರುತ್ತದೆ.

ತೊಂದರೆ ಇರುವುದು ನಡುಕದ ವಿಷಯದಲ್ಲಿ. ನಡುಕಕ್ಕೆ ಕಾರಣ ಹುಡುಕುವಾಗ ಅಗ್ಗದ್ದರಿಂದ ತುಟ್ಟಿಯದರ ಕಡೆಗೆ ಹೋಗಬೇಕು: ಮೊದಲು ಹವಾ, ಆಮೇಲೆ ನಟ್ಟು, ರಿಮ್ಮು, ಬ್ಯಾಲೆನ್ಸಿಂಗ್, ಕಡೆಗೆ ಬೇರಿಂಗು, ಶಾಫ್ಟು. ಪಂಡಿತನ ದಾರಿ ತಿರುಗುಮುರುಗು. ಅಗ್ಗದ ರೋಗ ಹೇಳುವುದು ಅವನ ಮರ್ಯಾದೆಗೆ ಕಡಿಮೆ. ಬ್ಯಾಲೆನ್ಸಿಂಗ್ ಎಂಬ ಮಾತನ್ನಂತೂ ಕೇಳಲೊಲ್ಲ. "ಅದು ಕಾರಿಗ್ರಿ ಸಾವ್ಕಾರ, ಲೋಡ್ ಗಾಡಿಗಲ್ಲ."

ಪಿಕಪ್ಪಿನ ಮಾಲೀಕನೊಬ್ಬನ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅವನಿಗೂ ಈ ಬರಹಕ್ಕೂ ಇರುವ ನಂಟನ್ನು ಓದುಗರು ಕೆದಕದಿದ್ದರೆ ಉಪಕಾರ. ಕೌಜಲಗಿಯಿಂದ ಗೋಕಾಕದವರೆಗೆ ಗಾಡಿ ಆಕಳಿನಂತೆ ಹೋಗುತ್ತಿತ್ತು. ಸಂಕೇಶ್ವರದ ಹತ್ತಿರ ಹೆದ್ದಾರಿ ಹತ್ತಿ ಮುಳ್ಳು 80 ಮುಟ್ಟಿತೋ ಇಲ್ಲವೋ, ಸ್ಟೇರಿಂಗು ಮಲೇರಿಯಾ ಬಂದವರ ಕೈಯಂತೆ ನಡುಗುತ್ತಿತ್ತು. ವೇಗ ಇಳಿಸಿದರೆ ಶಾಂತ.

ಪಂಡಿತ ಸಂಗತಿ ಕೇಳಿ, ಚಹಾ ಕುಡಿದು, ಬಲಗಡೆಯ ಮುಂದಿನ ಗಾಲಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಸಿದ. ಅಂಗಡಿಯ ಹುಡುಗ ಗಾಲಿ ಬಿಚ್ಚಿದಾಗ ರಿಮ್ಮಿನ ಒಳಮೈಗೆ ಪಾನಾ ತಾಗಿಸಿ, "ಕಾಕಾ, ಇಲ್ಲಿ ಮಣ್ಣ ಹತ್ತೇತಿ ನೋಡ್ರಿ" ಎಂದ. ಕಾಕಾ ತಿರುಗಿ ಕೂಡ ನೋಡಲಿಲ್ಲ. "ರೈತನ ಗಾಡಿಗೆ ಮಣ್ಣ ಹತ್ತದ ಏನ್ ಬಂಗಾರ ಹತ್ತತೈತೇನಲೇ? ನಟ್ಟ ಬಿಗಿ." ಮಾಲೀಕನೂ ದೊಡ್ಡದಾಗಿ ತಲೆಯಾಡಿಸಿದ.

ಮರುದಿನ ಹೆದ್ದಾರಿಯಲ್ಲಿ ಸ್ಟೇರಿಂಗು ಕಲ್ಲಿನಂತೆ ನಿಂತಿತ್ತು. ಪಂಡಿತನಿಗೆ ಜೈ ಎನ್ನುವಷ್ಟರಲ್ಲಿ, ಹತ್ತರಗಿ ಟೋಲ್ ದಾಟುತ್ತಿದ್ದಂತೆ, ಸೀಟು ನಡುಗತೊಡಗಿತು. ಮುಂದಿನ ಗಾಲಿಯ ದೋಷ ಕೈಗೆ, ಹಿಂದಿನ ಗಾಲಿಯ ದೋಷ ಕುಂಡೆಗೆ ತಿಳಿಯುತ್ತದೆ ಎಂಬುದು ಗ್ಯಾರೇಜಿನ ಮೊದಲ ಪಾಠ. ನಡುಕ ಗಾಲಿಯ ಬೆನ್ನು ಹತ್ತಿ ಹೋಗಿದೆ ಎಂದ ಮೇಲೆ ಕಳ್ಳ ಸಿಕ್ಕಂತೆಯೇ. ಆದರೆ ಪಂಡಿತ ಹೇಳಿದ್ದು ಬೇರೆ. "ರೋಗ ಹಿಂದ ಸರದೈತ್ರಿ. ಶಾಫ್ಟಿನ ಕ್ರಾಸ್ ಹೋಗ್ಯಾವು." ಎರಡು ಕ್ರಾಸ್ ಬದಲಾದವು. ಸೀಟು ನಡುಗಿತು. ಪಾಟಾ ಬಿಚ್ಚಿ ಬುಶ್ ಹಾಕಿಸಿದ್ದಾಯಿತು. ಸೀಟು ನಡುಗಿತು. ಅಲೈನ್‌ಮೆಂಟ್ ಎರಡು ಸಲ ಆಯಿತು. ಹೊಸ ಟೈರಿನ ಜೋಡಿಗೆ ಮುಂಗಡ ಕೊಡುವ ಹಿಂದಿನ ದಿನ, ಮದುವೆಗೆ ಹೋಗಬೇಕೆಂದು ಗಾಡಿ ತೊಳೆಸಲು ಬಿಟ್ಟಾಗ, ತೊಳೆಯುವ ಹುಡುಗ ಕೆಳಗೆ ಮಲಗಿ ಪೈಪು ಹಿಡಿದ. ಬಲಗಡೆಯ ಹಿಂದಿನ ರಿಮ್ಮಿನ ಒಳಗಿಂದ ಎರಿ ಮಣ್ಣಿನ ಗಟ್ಟಿ ಹೆಂಟೆಯೊಂದು ದೊಪ್ಪನೆ ಬಿತ್ತು. ಅದರ ಬೆನ್ನಿನ ಮೇಲೆ ರಿಮ್ಮಿನ ದುಂಡು ಅಚ್ಚೊತ್ತಿತ್ತು, ಹೊಟ್ಟೆಯೊಳಗೆ ಕಬ್ಬಿನ ರವದಿ ಸಿಕ್ಕಿಕೊಂಡಿತ್ತು. ಕಬ್ಬಿನ ಪಡದ ಹಸಿಯಲ್ಲಿ ಹತ್ತಿ, ಬಿಸಿಲಿಗೆ ಇಟ್ಟಂಗಿಯಾದದ್ದು. ತೂಕ ಕಾಲು ಕಿಲೋದ ಆಸುಪಾಸು.

ಕಾಲು ಕಿಲೋ ಎಂದು ನಗಬಾರದು. ಹದಿನೈದು ಇಂಚಿನ ರಿಮ್ಮಿನ ಪಿಕಪ್ ಗಾಲಿ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಉರುಳುತ್ತದೆ. 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸುತ್ತು. ಅಷ್ಟು ಬಿರುಸಿನಲ್ಲಿ ತಿರುಗುವ ಕಾಲು ಕಿಲೋ ಮಣ್ಣು ಹದಿನೈದು-ಇಪ್ಪತ್ತು ಕಿಲೋ ಬಲದಿಂದ ಗಾಲಿಯನ್ನು ಸೆಕೆಂಡಿಗೆ ಹತ್ತು ಸಲ ಹೊರಗೆ ಜಗ್ಗುತ್ತದೆ. ವೇಗ ಅರ್ಧವಾದರೆ ಜಗ್ಗುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಊರ ರಸ್ತೆಯ ತಗ್ಗು-ದಿನ್ನೆಯಲ್ಲಿ ಗಾಡಿ ಸಂಭಾವಿತನಂತೆ ಇದ್ದದ್ದು ಅದಕ್ಕೇ.

ಹೆಂಟೆಯನ್ನು ಪೇಪರಿನಲ್ಲಿ ಕಟ್ಟಿ ಪಂಡಿತನ ಮುಂದೆ ಇಟ್ಟದ್ದಾಯಿತು. ಅವನು ಅದನ್ನು ತಿರುಗಿಸಿ ನೋಡಿ, ಎಲೆಯಡಿಕೆ ಉಗುಳಿ, "ಗಾಲ್ಯಾಗಽ ಐತಿ ಅಂತ ನಾ ಮೊದ್ಲಽ ಹೇಳಿದ್ನಲ್ಲರಿ" ಎಂದ. ಹೇಳಿದ್ದೂ ಹೌದು. ಮೊದಲ ದಿನ, ಚಹಾಕ್ಕಿಂತ ಮುಂಚೆ.

ಇಷ್ಟಾದ ಮೇಲೆ ಆ ಮಾಲೀಕ ಬೇರೆ ಅಂಗಡಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ಮೂಡಲಗಿಯಿಂದ ಮಾಲು ತುಂಬಿಕೊಂಡು ಬಂದಾಗ ಪಂಡಿತ ಯಾರೂ ಕರೆಯದೆ ಎದ್ದು ಬಂದ. ನಾಲ್ಕೂ ಗಾಲಿಗಳ ನಡುವಿಗೆ ಒಂದೊಂದಾಗಿ ಅಂಗೈ ಇಟ್ಟು ನೋಡಿದ. ನಾಲ್ಕನೆಯದರಿಂದ ಕೈಯನ್ನು ಚಟ್ಟನೆ ಹಿಂದಕ್ಕೆಳೆದುಕೊಂಡು, "ಇವತ್ತ ಗಾಡಿ ಎತ್ತಬ್ಯಾಡ್ರಿ" ಎಂದಷ್ಟೇ ಹೇಳಿದ. ಬೆಳಿಗ್ಗೆ ಬಿಚ್ಚಿದಾಗ ಬೇರಿಂಗಿನ ಗ್ರೀಸು ಸುಟ್ಟು ಕಪ್ಪಾಗಿತ್ತು, ಉರುಳೆಗಳು ನೀಲಿಗಟ್ಟಿದ್ದವು. ಹರೆಯದಲ್ಲಿ ಅವನು ಲಾರಿಯ ಕ್ಲೀನರ್ ಆಗಿದ್ದನಂತೆ. ನಿಂತಲ್ಲೆಲ್ಲ ಇಳಿದು ಗಾಲಿ ಮುಟ್ಟಿ ನೋಡುವುದು ಅವನ ಕೆಲಸ. ಸ್ಟೇರಿಂಗು ಕೈಗೆ ಬರುವ ಮೊದಲೇ ಆ ಲಾರಿ ಮಾರಾಟವಾಯಿತು.

ಈಗ ಅಂಗಡಿಗೆ ಬ್ಯಾಲೆನ್ಸಿಂಗ್ ಮಶಿನ್ ಬಂದಿದೆ. ಎಷ್ಟು ಗ್ರಾಮು, ಎಲ್ಲಿ ಎಂದು ಅಂಕಿಯಲ್ಲಿ ಹೇಳುತ್ತದೆ, ಹುಡುಗ ಅಲ್ಲಿ ತೂಕದ ತುಂಡು ಬಡಿಯುತ್ತಾನೆ. ಪಂಡಿತನನ್ನು ಕೇಳುವವರು ಕಡಿಮೆಯಾಗಿದ್ದಾರೆ. ಆದರೂ ಅಂಕಿ ಮೂಡುವ ಮೊದಲೇ "ಎಡಗಡೆ ಮುಂದಿಂದು" ಎಂಬ ದನಿ ಹೊರಗಿನಿಂದ ಬರುತ್ತದೆ. ಒಮ್ಮೊಮ್ಮೆ ಅದು ಸರಿಯೂ ಇರುತ್ತದೆ.

ಹೊಲದಿಂದ ಬಂದ ಗಾಡಿ ಹೆದ್ದಾರಿ ಹತ್ತುವ ಮುಂಚೆ ರಿಮ್ಮಿನ ಒಳಮೈಗೂ ಒಂದಿಷ್ಟು ನೀರು ಹೊಡೆಯಿರಿ. ಅದಾದ ಮೇಲೂ ನಡುಗಿದರೆ ಕಾಕಾನನ್ನು ಕೇಳಬಹುದು. ಆದರೆ ಚಹಾ ಬರುವ ಮೊದಲು ಹೇಳಿದ್ದನ್ನು ಮಾತ್ರ ನಂಬಿರಿ.