ಜಯಮಂಗಲಿಯಲ್ಲಿ ಆಳ: ಒಂದು ಆಳವಾದ ಅಧ್ಯಯನ

ಪೀಠಿಕೆ: ಮೀನು ಆಳದಲ್ಲಿರುತ್ತದೆ, ಆಳ ನದಿಯಲ್ಲಿರುತ್ತದೆ, ನದಿ ನಕಾಶೆಯಲ್ಲಿರುತ್ತದೆ. ಆದ್ದರಿಂದ ಮೀನು ನಕಾಶೆಯಲ್ಲಿರುತ್ತದೆ. ಈ ಅಕಾಟ್ಯ ತರ್ಕವನ್ನು ಹೆಗಲಿಗೇರಿಸಿಕೊಂಡು ಶಿರಾ ತಾಲ್ಲೂಕಿನ ಗೌಡಗೆರೆಯಿಂದ ಹೊರಟ ಪ್ರಬಂಧಕಾರನು ಮಧುಗಿರಿ, ಕೊರಟಗೆರೆ, ಪಾವಗಡಗಳನ್ನು ಸುತ್ತಿ, ಖಾಲಿ ಕೈಚೀಲದೊಂದಿಗೆ ಈ ಪ್ರಬಂಧವನ್ನು ಮಂಡಿಸುತ್ತಿದ್ದಾನೆ.

ಪೂರ್ವಸೂರಿಗಳು: ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎಂಬ ಮನೆಯವರ ಮತವನ್ನು ಮೊದಲು ಖಂಡಿಸಬೇಕು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮೀನಿನ ಜಾತಿಗಳನ್ನೂ ಅವಕ್ಕೆ ಹಾಕುವ ಮೇವನ್ನೂ ಗಾಳದ ವಿದ್ಯೆಯನ್ನೂ ವಿವರಿಸಿದ್ದಾನೆ. ರಾಜ ಮಾಡಿದರೆ ಅದು ‘ಮತ್ಸ್ಯವಿನೋದ’, ನಾವು ಮಾಡಿದರೆ ಪೋಲಿತನ.

ಸ್ಥಳನಾಮ ವಿಚಾರ: ಮಧುಗಿರಿ ಎಂದೊಡನೆ ಎಲ್ಲರೂ ಜೇನು ಹುಡುಕುತ್ತಾರೆ. ಅದು ‘ಮಡುಗಿರಿ’ ಏಕಾಗಬಾರದು? ಈ ವಾದಕ್ಕೆ ಯಾವ ಆಧಾರವೂ ಇಲ್ಲ. ಅದೇ ಇದರ ಸ್ವೋಪಜ್ಞತೆ.

ಆಳದ ಲಕ್ಷಣ: ಹೊಳೆ ತಿರುಗುವಲ್ಲಿ ನೀರು ಹೊರದಂಡೆಗೆ ಬಡಿದು ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಕೂರುತ್ತದೆ. ಹಾಗಾಗಿ ಮಡು ಇರುವುದು ಹೊರದಂಡೆಗೆ. ಬಿಸಿಲೇರಿದಾಗ ಮೀನು ಅಲ್ಲಿಗಿಳಿದು, ಸಂಜೆ ಅಂಚಿಗೆ ಮೇಯಲು ಬರುತ್ತದೆ. ಶಾಸ್ತ್ರದಲ್ಲಿ ಲೋಪವಿಲ್ಲ. ಕೊರತೆ ಇರುವುದು ನೀರಿನದು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ವರ್ಷದ ಬಹುಪಾಲು ಬರೀ ಮರಳಿನ ಹಾಸು. ಆಳದ ನೀರು ನಮ್ಮಲ್ಲಿಯೂ ಉಂಟು, ಕೊಳವೆಬಾವಿಯ ತಳದಲ್ಲಿ. ಅಲ್ಲಿಗೆ ಗಾಳದ ದಾರ ಸಾಲದು.

ಆಳದ ಇನ್ನೊಂದು ಮೂಲ ಚುನಾವಣೆ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ಹರಿಸುವುದೇ ದೊಡ್ಡ ಭರವಸೆಯಾಗಿತ್ತು. ಮೀನಿನ ಗಾಳಕ್ಕೆ ಎರೆಹುಳು, ಮತದ ಗಾಳಕ್ಕೆ ಹೇಮಾವತಿ ಎಂಬ ಸೂತ್ರ ಇಲ್ಲಿ ಸಿದ್ಧಿಸಿತು.

ಕ್ಷೇತ್ರಕಾರ್ಯ: 2022ರ ಮಳೆಗೆ ಜಯಮಂಗಲಿ ಉಕ್ಕಿ ಹರಿಯಿತು. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದ ವರ್ಷ ಅದು. ನೆರೆ ಇಳಿದ ಮೇಲೆ ಪ್ರಬಂಧಕಾರನು ನಕಾಶೆ ಸಮೇತ ಹೊರದಂಡೆಗೆ ಹೋದರೆ, ಜೊಂಡಿನ ಪಕ್ಕ ಒಬ್ಬ ತಾತ ಕುಕ್ಕರುಗಾಲಲ್ಲಿ ಕೂತಿದ್ದ.

“ಆಳ ಎಷ್ಟೈತೆ ತಾತ?”

“ಬೆಂಡು ಹೇಳ್ತೈತೆ, ಇರಪ್ಪ.”

ದಾರದ ಮೇಲೆ ಬೆಂಡನ್ನು ಮೂರು ಮೊಳ ಎತ್ತರಕ್ಕೆ ಸರಿಸಿ ಎಸೆದ. ಅಡ್ಡ ಮಲಗಿತು. ಸೀಸದ ಗುಂಡು ತಳ ಮುಟ್ಟಿ, ದಾರ ಮಿಕ್ಕಿದೆ ಎಂದರ್ಥ. ಒಂದು ಮೊಳ ಇಳಿಸಿ ಮತ್ತೆ ಎಸೆದ. ಈಗ ನೆಟ್ಟಗೆ ನಿಂತಿತು. ಅಷ್ಟೇ ಅವನ ಜಲಮಾಪನ ಶಾಸ್ತ್ರ. ಸ್ವಲ್ಪ ಹೊತ್ತಿಗೆ ಬೆಂಡು ಗುಳುಂ ಎಂದು ಮುಳುಗಿ, ಮೊಳಕೈ ಉದ್ದದ ಕೊರಮೀನು ದಂಡೆಗೆ ಬಂತು.

“ನೀನು ಆಳ ಹುಡುಕ್ತೀಯ, ಅದು ಕೆಸರಲ್ಲಿ ಕುಂತೈತೆ.”

ತಾತನ ಮಾತು ಜೀವಶಾಸ್ತ್ರಸಮ್ಮತ. ಕೊರಮೀನು ನೀರಿನ ಮೇಲೆ ಬಾಯಿ ತೆರೆದು ಗಾಳಿಯನ್ನೇ ಉಸಿರಾಡಬಲ್ಲದು. ನೀರು ಬತ್ತಿದರೆ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುತ್ತದೆ. ಬರಗಾಲದ ಸೀಮೆಯಲ್ಲಿ ಬದುಕುವುದು ಹೇಗೆಂದು ನಮ್ಮ ರೈತನಂತೆಯೇ ಅದೂ ಕಲಿತಿದೆ.

ಉಪಸಂಹಾರ: ಪ್ರಬಂಧಕಾರನು ತನ್ನ ಸಿದ್ಧಾಂತವನ್ನು ಹಿಂಪಡೆಯುತ್ತಾನೆ. ಆದರೂ ಜಯಮಂಗಲಿಯಲ್ಲಿ ಆಳವೇ ಇಲ್ಲವೆಂದರೆ ತಪ್ಪಾದೀತು. ಮರಳು ತೋಡಿ ಹಾಗೇ ಬಿಟ್ಟ ಗುಂಡಿಗಳಿವೆ. ಹೊಸ ನೀರು ಬಂದಾಗ ಕೆಂಪು ಬಣ್ಣದಡಿ ಅವು ಕಾಣುವುದಿಲ್ಲ. ಮೊಣಕಾಲುದ್ದ ನೀರೆಂದು ಇಳಿದವರಿಗೆ ಮುಂದಿನ ಹೆಜ್ಜೆಯಲ್ಲಿ ನೆಲವೇ ಇರದು. ಇಷ್ಟು ಮಾತ್ರ ತಮಾಷೆಯಲ್ಲ. ಮಕ್ಕಳನ್ನು ಕರೆದುಕೊಂಡು ಗಾಳಕ್ಕೆ ಹೋಗುವವರು ಆಳ ನೋಡಲು ಕೋಲು ಹಾಕಿ, ಕಾಲು ಹಾಕಬೇಡಿ.