ಸ್ವರಗಳ ಖಾನೇಷುಮಾರಿ

ಬಾವಿಯ ಆಳವನ್ನು ಅಳೆದು, ನಕ್ಷೆ ಬರೆದು, ಅದಕ್ಕೆ ಬಣ್ಣ ತುಂಬಿ ಮುಗಿಸಿದ ಹೊರತು ಈಜಲು ನೀರಿಗಿಳಿಯದ ಮಹನೀಯರು ಪ್ರತಿ ಬಡಾವಣೆಯಲ್ಲಿಯೂ ಒಬ್ಬರಾದರೂ ಇರುತ್ತಾರೆ. ನಮ್ಮ ಬೀದಿಯಲ್ಲಿ ಆ ಸ್ಥಾನವನ್ನು ಅಲಂಕರಿಸಿರುವವರು, ನಿವೃತ್ತಿಯ ಮರುತಿಂಗಳೇ ಮ್ಯಾಂಡೊಲಿನ್ ಕೊಂಡ ರಾಯರು. ಜೀವಮಾನವೆಲ್ಲ ಲೆಕ್ಕಪತ್ರ ಬರೆದ ಕೈ ಸುಮ್ಮನಿರುವುದೆ? ತಂತಿಗೊಂದು ಕಾಲಮ್ಮು, ಮೆಟ್ಟಿಲಿಗೊಂದು ಸಾಲಿನಂತೆ ಉದ್ದನೆಯ ಲೆಡ್ಜರಿನಲ್ಲಿ ಗೆರೆ ಎಳೆದು, ಯಾವ ಸ್ವರವು ಎಲ್ಲೆಲ್ಲಿ ವಾಸವಾಗಿದೆಯೆಂಬ ಖಾನೇಷುಮಾರಿಯನ್ನು ಆರು ತಿಂಗಳಲ್ಲಿ ಪೂರೈಸಿದರು.

"ಈ ವಾದ್ಯದ ಮಹಿಮೆ ಕೇಳಿ, ಸ್ವಾಮಿ," ಎಂದು ಒಂದು ಸಂಜೆ ನನ್ನನ್ನು ಅಡ್ಡಗಟ್ಟಿದರು. ಎಂಟು ತಂತಿ, ನಾಲ್ಕು ಜೋಡಿ. ಪಿಟೀಲಿನಂತೆಯೇ ಜೋಡಿಯಿಂದ ಜೋಡಿಗೆ ಪಂಚಮದ ಅಂತರ. ಬೆರಳೂರದ ತಂತಿಯನ್ನು ಷಡ್ಜವೆಂದಿಟ್ಟುಕೊಂಡರೆ ಮಾಯಾಮಾಳವಗೌಳದ ರಿ, ಗ, ಮ ಕ್ರಮವಾಗಿ 1, 4, 5ನೆಯ ಮೆಟ್ಟಿಲುಗಳಲ್ಲಿ ದೊರೆತು, ಪಂಚಮವು ಮುಂದಿನ ತಂತಿಯಲ್ಲಿ ತಾನಾಗಿಯೇ ಕಾದಿರುತ್ತದೆ; ಅಲ್ಲಿಯೂ ದ, ನಿ, ಮೇಲಿನ ಸ ಅದೇ 1, 4, 5. ಷಡ್ಜವನ್ನು 2ನೆಯ ಮೆಟ್ಟಿಲಿಗೇರಿಸಿ, ತೋರುಬೆರಳಿನಿಂದ ಕಿರುಬೆರಳಿನವರೆಗೆ ನಾಲ್ಕನ್ನೂ ಸ್ವರಕ್ಕೊಂದರಂತೆ ನೇಮಿಸಿದರಂತೂ, ಕೈಯನ್ನು ಕುದುರೆಯತ್ತ ಎಷ್ಟು ಸರಿಸಿದರೂ ಶ್ರುತಿ ಏರುವುದೇ ವಿನಾ ಬೆರಳಿನ ಕ್ರಮ ಕೆಡದು. ಹೀಗೆ ವಿವರಿಸುವಾಗ ಅವರ ಎಡಗೈ ಛತ್ರಿಯ ಹಿಡಿಯ ಮೇಲೆ ಸಂಚರಿಸುತ್ತಿತ್ತು. ಕಿರುಬೆರಳು ಮಾತ್ರ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಕೊಂಚ ದೂರವೇ ನಿಂತಿತ್ತು.

ಒಮ್ಮೆ ಕಲಿತರೆ ಎಲ್ಲ ಕಡೆಗೂ ಒದಗುವುದೇ ಈ ಕ್ರಮದ ಸೊಗಸು. ರಾಯರಾದರೋ ಆ ಒಂದೇ ಪಾಠವನ್ನು ಮೆಟ್ಟಿಲು ಮೆಟ್ಟಿಲಿಗೂ ಹೊಸದಾಗಿ ಬರೆದು, ಷಡ್ಜಕ್ಕೆ ಕೆಂಪು, ಪಂಚಮಕ್ಕೆ ಹಸಿರು ಚುಕ್ಕೆಗಳನ್ನಂಟಿಸಿ, ವಾದ್ಯದ ಕೊರಳನ್ನು ಸಂಕ್ರಾಂತಿಯ ಎತ್ತಿನಂತೆ ಸಿಂಗರಿಸಿಬಿಟ್ಟರು. "ರೀ, ಪಿಳ್ಳಾರಿ ಗೀತೆಯೊಂದನ್ನಾದರೂ ನುಡಿಸಬಾರದೆ?" ಎಂದು ಮನೆಯಾಕೆ ಕೇಳಿದರೆ, "7ನೆಯ ಮೆಟ್ಟಿಲು ಇನ್ನೂ ಭದ್ರವಾಗಿಲ್ಲ ಕಣೆ" ಎಂಬ ಉತ್ತರ.

ಯು. ಶ್ರೀನಿವಾಸ್ ಅವರು ಜೋಡಿ ತಂತಿಗಳನ್ನು ತೊರೆದು, ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಗಮಕವನ್ನು ಸಾಧಿಸಿದ ಸಂಗತಿಯೂ ರಾಯರಿಗೆ ನೆಪವಾಗಿಯೇ ಒದಗಿತು: "ನನ್ನದು ಜೋಡಿ ತಂತಿ, ಗಮಕ ಎಲ್ಲಿಂದ ಬರಬೇಕು?" ಅದೇ ಶ್ರೀನಿವಾಸ್ 1978ರಲ್ಲಿ, ಒಂಬತ್ತನೆಯ ವಯಸ್ಸಿಗೇ ಗುಡಿವಾಡದಲ್ಲಿ ಕಚೇರಿ ಮಾಡಿದ್ದರೆಂಬುದನ್ನು ಮಾತ್ರ ಅವರು ಪ್ರಸ್ತಾಪಿಸುವುದಿಲ್ಲ.

ಕಾಕಲಿ ನಿಷಾದವು ಯಾವ ತಂತಿಯ ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂಬ ಸಂಶಯ ನಿಮಗೇನಾದರೂ ಇದ್ದರೆ ಸಂಜೆ ಐದರ ಮೇಲೆ ಅವಶ್ಯವಾಗಿ ರಾಯರಲ್ಲಿಗೆ ಹೋಗಿ. ಲೆಡ್ಜರು ಬರುತ್ತದೆ, ಒಳ್ಳೆಯ ಕಾಫಿಯೂ ಬರುತ್ತದೆ. ಮ್ಯಾಂಡೊಲಿನ್ ಕೇಳುವ ಆಸೆಯಿದ್ದರೆ ಬೇರೆ ಮನೆ ನೋಡಿಕೊಳ್ಳಿ.